ಲೈಕ್ ಬಂದ ಗೂಡು, ಮೊಲಕ್ಕೆ ಬೇಕಾಗಿದ್ದ ಮನೆ

1/9
ಈ ಮೊದಲ ಫೋಟೋ ತುಂಬ ಜನಕ್ಕೆ ನೆನಪಿರುತ್ತೆ. ಹೋದ ವರ್ಷ ಫೆಬ್ರವರಿಯಲ್ಲಿ ಹಾಕಿದ್ದೆ. ನಮ್ಮ ಟೆರೇಸ್ ಮೇಲೆ ಬಿಳಿ ಬಣ್ಣದ ಪುಟ್ಟ ಮನೆ, ಕೆಂಪು ಬಣ್ಣ ಹೊಡೆದ ತಗಡಿನ ಚಾವಣಿ, ಬಾಗಿಲಲ್ಲಿ ಹಾರ್ಟ್ ಆಕಾರದ ಕಿಂಡಿ, ಸುತ್ತ ಸೀರಿಯಲ್ ಲೈಟು. ಒಳಗೆ ಬೆಲ್ಲ ಮತ್ತು ಚುಕ್ಕಿ. ನನ್ನ ಪೇಜಲ್ಲಿ ಇವತ್ತಿಗೂ ಅತಿ ಹೆಚ್ಚು ಲೈಕ್ ಬಂದಿರೋದು ಇದಕ್ಕೇ. ಕ್ಲಾಸಲ್ಲಿ ಎಷ್ಟೋ ಜನ "ಲೋ, ನಮ್ಮನೆಗೂ ಒಂದು ಮಾಡ್ಕೊಡೋ" ಅಂದಿದ್ರಿ.

ಆ ಮನೆಯಲ್ಲಿ ಬೆಲ್ಲ ಎರಡು ತಿಂಗಳು ಇದ್ದಳು. ಏಪ್ರಿಲ್‌ನಲ್ಲಿ ಸತ್ತುಹೋದಳು. ಅದನ್ನ ನಾನು ಇಲ್ಲಿ ಹೇಳಲೇ ಇಲ್ಲ. "ಬೆಲ್ಲ ಎಲ್ಲಿ, ಕಾಣ್ತಾನೇ ಇಲ್ವಲ್ಲ" ಅಂತ ಕೇಳಿದವರಿಗೆಲ್ಲ "ಮಾವನ ಊರಿಗೆ ಕಳಿಸಿದೀನಿ" ಅಂದೆ. ಅದು ಸುಳ್ಳು.

ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಕಳೆದ ವಾರ ಇಬ್ಬರು ಜೂನಿಯರ್‌ಗಳು ಇದೇ ಫೋಟೋದ ಸ್ಕ್ರೀನ್‌ಶಾಟ್ ಕಳಿಸಿ "ಅಣ್ಣಾ, ಇದೇ ಥರ ಕಟ್ತಿದೀವಿ, ತಗಡು ಎಲ್ಲಿ ತಗೊಂಡ್ರಿ?" ಅಂತ ಕೇಳಿದ್ರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮೊಲಕ್ಕೆ ಮನೆ ನೀವೇ ಕಟ್ಟಿ, ಅಂಗಡಿ ಪಂಜರ ಬೇಡ. ಆದ್ರೆ ಫೋಟೋಗೋಸ್ಕರ ಕಟ್ಟಬೇಡಿ, ಮೊಲಕ್ಕೋಸ್ಕರ ಕಟ್ಟಿ. ಅಷ್ಟು ಜಾಗ, ಅಷ್ಟು ದುಡ್ಡು, ಅಷ್ಟು ಪುರುಸೊತ್ತು ಇಲ್ಲ ಅಂದ್ರೆ ಮೊಲ ತರಬೇಡಿ. ಸಿಟ್ಟು ಬಂದ್ರೂ ಪರವಾಗಿಲ್ಲ, ಒಂಬತ್ತೂ ಓದಿ ಆಮೇಲೆ ಬೈಯಿರಿ.

2/9
ಎರಡನೇ ಫೋಟೋ ಅಂಗಡಿ ಪಂಜರದ್ದು. ಬೆಲ್ಲ, ಚುಕ್ಕಿ ನಮ್ಮನೆಗೆ ಬಂದಿದ್ದು ಇದರಲ್ಲೇ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಕೆಳಗೆ ತಂತಿಯ ತಳ, ಅದರ ಕೆಳಗೆ ಪ್ಲಾಸ್ಟಿಕ್ ಟ್ರೇ. ಬೆಲೆ 2,200 ರೂಪಾಯಿ. "ಎರಡು ಮೊಲಕ್ಕೆ ಧಾರಾಳ ಆಯ್ತು, ಕ್ಲೀನ್ ಮಾಡೋದೂ ಸುಲಭ" ಅಂದಿದ್ರು.

ಕ್ಲೀನ್ ಮಾಡೋದು ಸುಲಭ ಅನ್ನೋದು ನಿಜ. ಹಿಕ್ಕೆ ಎಲ್ಲ ಕೆಳಗೆ ಬೀಳುತ್ತೆ. ಆದ್ರೆ ಸುಲಭ ಯಾರಿಗೆ? ನಮಗೆ. ಬೆಕ್ಕು, ನಾಯಿಗೆ ಪಾದದ ಕೆಳಗೆ ಮೆತ್ತನೆ ಗದ್ದುಗೆ ಇರುತ್ತಲ್ಲ, ಮೊಲಕ್ಕೆ ಅದಿಲ್ಲ. ಬರೀ ರೋಮ ಮಾತ್ರ. ದಿನಪೂರ್ತಿ ತಂತಿ ಮೇಲೆ ಕೂತರೆ ಹಿಮ್ಮಡಿ ಹತ್ರ ರೋಮ ಉದುರಿ, ಚರ್ಮ ಕೆಂಪಾಗಿ, ಆಮೇಲೆ ಹುಣ್ಣಾಗುತ್ತೆ. ಒಂದೂವರೆ ತಿಂಗಳಲ್ಲಿ ಚುಕ್ಕಿಯ ಎರಡೂ ಹಿಂಗಾಲಲ್ಲಿ ಅದೇ ಆಯ್ತು. ಸೋಮಾರಿ ಮೊಲ, ಓಡಾಡಲ್ಲ ಅಂತ ನಾವು ನಗ್ತಿದ್ವಿ. ಕಾಲು ನೋಯ್ತಿದ್ದುದರಿಂದ ಅವಳು ಓಡಾಡ್ತಿರಲಿಲ್ಲ.

ಸಾಕಣೆ ಕೇಂದ್ರಗಳಲ್ಲೂ ತಂತಿ ತಳಾನೇ ಇರುತ್ತಲ್ಲ ಅಂತೀರಿ. ಇರುತ್ತೆ. ಅಲ್ಲಿ ಮಾಂಸಕ್ಕೆ ಬೆಳೆಸೋ ಮೊಲ ಕೆಲವೇ ತಿಂಗಳು ಬದುಕೋದು, ಲೆಕ್ಕಾಚಾರವೇ ಬೇರೆ. ಮನೇಲಿ ಚೆನ್ನಾಗಿ ನೋಡಿಕೊಂಡ ಮೊಲ ಎಂಟು, ಹತ್ತು ವರ್ಷ ಬದುಕುತ್ತೆ. ಕೆಲವು ತಿಂಗಳಿಗೆ ಮಾಡಿದ ಪಂಜರದಲ್ಲಿ ಹತ್ತು ವರ್ಷ ಇಡೋಕೆ ಆಗುತ್ತಾ? ಅದಕ್ಕೇ ನಾನೇ ಕಟ್ತೀನಿ ಅಂತ ಹೊರಟೆ. ಅಲ್ಲೀತನಕ ಯೋಚನೆ ಸರಿಯಾಗೇ ಇತ್ತು.

3/9
ಇದಕ್ಕೆ ಫೋಟೋ ಇಲ್ಲ. ಕಪ್ಪು ಸ್ಲೈಡ್ ಹಾಕಿದೀನಿ.

ತಗಡು ತಂದ ದಿನಾನೇ ಅಜ್ಜಿ ಹೇಳಿದ್ದಳು. ಅವಳು ಊರಲ್ಲಿ ಕೋಳಿ, ಕುರಿ ಸಾಕಿದವಳು. "ತಮ್ಮಾ, ಆ ತಗಡಿನ ಕೆಳಗೆ ನೀ ಮಟಮಟ ಮಧ್ಯಾಹ್ನ ಒಂದು ತಾಸು ಕೂತ್ಕೋ ನೋಡಾಣ, ಆಮೇಲೆ ಅವನ್ನ ಕೂರ್ಸು" ಅಂದಳು. ನಾನು ನಕ್ಕೆ. ತಗಡಿಗೆ ಕೆಂಪು ಬಣ್ಣ ಹೊಡೆದರೆ ರೀಲ್ಸಲ್ಲಿ ಎಷ್ಟು ಚೆಂದ ಕಾಣುತ್ತೆ ಅನ್ನೋದಷ್ಟೇ ತಲೇಲಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆಯನ್ನ ಶಾಲೇಲಿ ಎಷ್ಟು ಸಲ ವಿಸ್ತರಿಸಿ ಬರೆದಿದ್ದೆನೋ. ಅರ್ಥ ಆಗಿದ್ದು ಮಾತ್ರ ಅವತ್ತು.

ದಾವಣಗೆರೆ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್‌ನಲ್ಲಿ 38 ಡಿಗ್ರಿ ನಮಗೆ ಮಾಮೂಲು. ಅದು ನೆರಳಲ್ಲಿ. ಟೆರೇಸ್ ಮೇಲೆ ತಗಡಿನ ಕೆಳಗೆ ಎಷ್ಟಿರುತ್ತೆ ಯೋಚಿಸಿ. ಮೊಲ ನಮ್ಮ ಹಾಗೆ ಬೆವರಲ್ಲ. ನಾಯಿ ಹಾಗೆ ನಾಲಿಗೆ ಚಾಚಿ ತೇಕಿ ತಂಪು ಮಾಡ್ಕೊಳ್ಳೋದಕ್ಕೂ ಬರಲ್ಲ. ಮೈಯ ಕಾವು ಮುಖ್ಯವಾಗಿ ಹೊರಗೆ ಹೋಗೋದು ಆ ಉದ್ದ ಕಿವಿಗಳಿಂದ. ಸುತ್ತಲಿನ ಗಾಳಿಯೇ ಬೆಂಕಿಯಾಗಿದ್ರೆ ಕಿವಿ ತಾನೇ ಏನು ಮಾಡೀತು? 30 ಡಿಗ್ರಿ ದಾಟಿದರೇ ಮೊಲಕ್ಕೆ ಅಪಾಯ ಶುರು.

ಮಧ್ಯಾಹ್ನ ಎರಡೂವರೆಗೆ ಟ್ಯೂಷನ್ ಮುಗಿಸಿ ಬಂದೆ. ಬೆಲ್ಲ ಅಡ್ಡಡ್ಡ ಮಲಗಿದ್ದಳು. ಬಾಯಿ ತೆರೆದಿತ್ತು, ಕಿವಿ ಮುಟ್ಟಿದರೆ ಸುಡ್ತಿತ್ತು. ಗಾಬರೀಲಿ ಐಸ್ ನೀರಲ್ಲಿ ಮುಳುಗಿಸಿದೆ. ಅದೂ ತಪ್ಪು. ನೆರಳಿಗೆ ತಂದು, ತಣ್ಣೀರಲ್ಲಿ ಅದ್ದಿದ ಬಟ್ಟೇಲಿ ಕಿವಿ ಒರೆಸ್ತಾ ತಕ್ಷಣ ಡಾಕ್ಟರ್ ಹತ್ರ ಓಡಬೇಕು, ಒಮ್ಮೆಲೇ ಐಸ್ ನೀರಿಗೆ ಹಾಕಬಾರದು ಅಂತ ಗೊತ್ತಾಗಿದ್ದು ಆಮೇಲೆ. ಪಶು ಆಸ್ಪತ್ರೆಗೆ ಹೋಗೋ ಆಟೋದಲ್ಲೇ ಅವಳ ಉಸಿರು ನಿಂತಿತು. ಚುಕ್ಕಿ ನೀರಿನ ಬಟ್ಟಲ ಪಕ್ಕದ ಒಂದಂಗುಲ ನೆರಳಲ್ಲಿ ಕೂತಿದ್ದಕ್ಕೆ ಉಳ್ಕೊಂಡಳು.

ಅಂಗಡಿಯವರನ್ನ ಬೈಯೋಕೆ ಇಲ್ಲಿ ಜಾಗ ಇಲ್ಲ. ಆ ಮನೆ ಕಟ್ಟಿದ್ದು ನಾನೇ.

4/9
"ನಮ್ಮ ಹೊಲದಲ್ಲಿ ಮೊಲ ಬಿಸಿಲಲ್ಲೇ ಇರುತ್ತಲ್ಲೋ, ಇವಕ್ಕೇನು ರೋಗ?" ಅಂತ ನಮ್ಮ ಚಿಕ್ಕಪ್ಪ ಕೇಳಿದ್ರು. ಒಳ್ಳೇ ಪ್ರಶ್ನೆ.

ಹೊಲದಲ್ಲಿ ಕಾಣೋ ಕಾಡುಮೊಲವೇ ಬೇರೆ, ಮನೇಲಿ ಸಾಕೋ ಮೊಲವೇ ಬೇರೆ. ನಮ್ಮ ಕಾಡುಮೊಲ ಬಿಲ ತೋಡಲ್ಲ, ಹುಲ್ಲಿನ ನಡುವೆ ತಗ್ಗಲ್ಲಿ ಕೂರುತ್ತೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ರೋಮ, ಕಣ್ಣು ತೆರೆದಿರುತ್ತೆ. (ಅದನ್ನ ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಆ ಆಲೋಚನೆ ಇದ್ರೆ ಇಲ್ಲೇ ಬಿಟ್ಟುಬಿಡಿ.) ಸಾಕುಮೊಲ ಸ್ಪೇನ್, ಪೋರ್ಚುಗಲ್ ಕಡೆಯ ಮೊಲದ ವಂಶ. ಅದರ ಮರಿಗಳು ಬೆತ್ತಲೆ, ಕುರುಡು. ಅಲ್ಲೂ ಬೇಸಿಗೆಯಲ್ಲಿ ಸುಡುಬಿಸಿಲೇ. ಆದ್ರೆ ಅವು ಹಗಲೆಲ್ಲ ನೆಲದೊಳಗೆ ತೋಡಿದ ತಂಪು ಬಿಲದಲ್ಲಿದ್ದು, ಬೆಳಗಿನ ಜಾವ ಮತ್ತೆ ಮುಸ್ಸಂಜೆ ಹೊರಗೆ ಬರ್ತವೆ. ಗುಂಪಲ್ಲಿ ಬದುಕ್ತವೆ. ಒಂದು ಅಪಾಯ ಕಂಡರೆ ಹಿಂಗಾಲಿಂದ ನೆಲ ಕುಟ್ಟುತ್ತೆ, ಉಳಿದವೆಲ್ಲ ಬಿಲಕ್ಕೆ ಓಡ್ತವೆ.

ಇಷ್ಟು ಗೊತ್ತಾದ್ರೆ ಮನೆಯ ಪ್ಲಾನ್ ಅರ್ಧ ಮುಗಿದ ಹಾಗೆ. ಬಿಲದಂಥ ತಂಪು ಬೇಕು, ಬಚ್ಚಿಟ್ಕೊಳ್ಳೋಕೆ ಕತ್ತಲ ಮೂಲೆ ಬೇಕು, ಓಡೋಕೆ ಜಾಗ ಬೇಕು, ಜೊತೆಗೊಂದು ಮೊಲ ಬೇಕು. ಮೊದಲನೇ ಮನೆ ಕಟ್ಟೋವಾಗ ಬಣ್ಣದ ಬಗ್ಗೆ ಮೂರು ದಿನ ಯೋಚಿಸಿದ್ದೆ. ಇವುಗಳಲ್ಲಿ ಒಂದರ ಬಗ್ಗೆಯೂ ಮೂರು ನಿಮಿಷ ಯೋಚಿಸಿರಲಿಲ್ಲ.

ಸ್ವಂತ ಕಟ್ಟಿ ಅಂತ ನಾನು ಹಟ ಹಿಡಿಯೋದು ಇದೇ ಕಾರಣಕ್ಕೆ. ಪಂಜರ ಕೊಂಡರೆ ಮೊಲದ ಬಗ್ಗೆ ಏನೂ ತಿಳ್ಕೊಳ್ಳದೇ ಮೊಲ ಇಟ್ಕೋಬಹುದು. ಸರಿಯಾಗಿ ಕಟ್ಟೋಕೆ ಕೂತರೆ ಮೊದಲು ಮೊಲವನ್ನ ಓದಲೇಬೇಕು.

5/9
ಈಗ ಅಳತೆ. ಫೋಟೋದಲ್ಲಿ ಟೇಪ್ ಹಿಡಿದಿರೋದು ನಮ್ಮಪ್ಪ.

ಬ್ರಿಟನ್ನಿನ ಮೊಲಗಳ ಕ್ಷೇಮಕ್ಕಾಗಿ ಕೆಲಸ ಮಾಡೋ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಎರಡು ಮೊಲಕ್ಕೆ ಕನಿಷ್ಠ ಅಂತ ಹೇಳೋದು 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಹತ್ತು ಅಡಿ ಉದ್ದ, ಆರೂವರೆ ಅಡಿ ಅಗಲ, ಮೂರು ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಅದೂ ದಿನಕ್ಕೊಂದು ಗಂಟೆ ಬಿಡೋ ಆಟದ ಜಾಗ ಅಲ್ಲ, ಯಾವಾಗಲೂ ಅವಕ್ಕೆ ಸಿಗೋ ಜಾಗ.

ಮೊದಲ ಸಲ ಕೇಳಿದಾಗ ನನಗೂ ಇದು ಅತಿ ಅನ್ನಿಸ್ತು. ನಮ್ಮ ಬಚ್ಚಲುಮನೆಯೇ ಅಷ್ಟು ದೊಡ್ಡದಿಲ್ಲ. ಆಮೇಲೆ ಚುಕ್ಕಿಯನ್ನ ಹಾಲ್‌ನಲ್ಲಿ ಬಿಟ್ಟು ನೋಡಿದೆ. ಮೂರೇ ನೆಗೆತಕ್ಕೆ ಸುಮಾರು ಆರು ಅಡಿ ದಾಟಿದಳು. ಹಿಂಗಾಲ ಮೇಲೆ ಎದ್ದು ನಿಂತರೆ ಕಿವಿ ಎರಡು ಅಡಿ ಹತ್ರ ಬರುತ್ತೆ. ಖುಷಿಯಾದರೆ ಗಾಳಿಯಲ್ಲೇ ಮೈ ತಿರುಚಿ ನೆಗೀತಾಳೆ. ಅದಕ್ಕೆ ಬಿಂಕಿ ಅಂತಾರೆ. ಎರಡಡಿ ಪಂಜರದಲ್ಲಿ ಅವಳು ಒಂದು ದಿನಾನೂ ಹಾಗೆ ನೆಗೆದಿರಲಿಲ್ಲ. ನೆಗೆಯೋಕೆ ಜಾಗವೇ ಇರಲಿಲ್ಲ.

ಇದು ಬರೀ ಪ್ರೀತಿಯ ಮಾತೂ ಅಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ನಮ್ಮ ದೇಶದಲ್ಲಿ 1960ರಿಂದ ಇದೆ. ಪ್ರಾಣಿಗೆ ಸರಿಯಾಗಿ ಅಲ್ಲಾಡೋಕೂ ಆಗದಷ್ಟು ಎತ್ತರ, ಉದ್ದ, ಅಗಲ ಕಡಿಮೆ ಇರೋ ಪಂಜರದಲ್ಲಿ ಇಡೋದನ್ನ ಅದರ 11ನೇ ಸೆಕ್ಷನ್ ಕ್ರೌರ್ಯ ಅಂತಾನೇ ಕರೆಯುತ್ತೆ. ಆ ಪಟ್ಟಿಯಲ್ಲಿ ನಾನೂ ಇದ್ದೆ ಅಂತ ಗೊತ್ತಾದಾಗ ತಲೆ ತಗ್ಗಿಸಿದೆ.

6/9
ಎರಡನೇ ಮನೆ ಕಟ್ಟಿದ ಕಥೆ. ಚೆಂದ ಕಾಣಲ್ಲ, ಮೊದಲೇ ಹೇಳಿಬಿಡ್ತೀನಿ.

ಜಾಗ: ಟೆರೇಸ್ ಬೇಡವೇ ಬೇಡ. ನಮ್ಮ ಹಿತ್ತಲಲ್ಲಿ ಉತ್ತರಕ್ಕೆ ಮುಖ ಮಾಡಿದ ಒಂದು ಮೂಲೆ ಇದೆ. ಎರಡು ಕಡೆ ಗೋಡೆ, ಮೇಲೆ ಅರ್ಧಕ್ಕೆ ಸಜ್ಜಾ. ಬಿಸಿಲು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಕಟ್ಟೋಕೆ ಮೊದಲು ಒಂದಿಡೀ ಭಾನುವಾರ ಗಂಟೆಗೊಂದು ಸಲ ಹೋಗಿ ನೆರಳು ಎಲ್ಲಿ ಬೀಳುತ್ತೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ದುಡ್ಡು ಖರ್ಚಿಲ್ಲದ ಕೆಲಸ, ಎಲ್ಲಕ್ಕಿಂತ ಮುಖ್ಯ ಕೆಲಸವೂ ಇದೇ.

ನೆಲ: ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕ ಕಡಪ ಕಲ್ಲಿನ ತುಂಡುಗಳು ಕಲ್ಲಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗ್ತವೆ. ನೆರಳಲ್ಲಿ ಕಡಪ ಕಲ್ಲು ತಂಪಾಗಿರುತ್ತೆ, ತೊಳೆಯೋದೂ ಸುಲಭ. ಮೊಲ ಕೆಳಗಿಂದ ತೋಡಿಕೊಂಡು ಹೋಗೋಕಾಗಲ್ಲ, ಹೆಗ್ಗಣ ಕೆಳಗಿಂದ ತೋಡಿಕೊಂಡು ಬರೋಕಾಗಲ್ಲ. ಆದ್ರೆ ಬರೀ ಕಲ್ಲು ಜಾರುತ್ತೆ, ಪಾದಕ್ಕೂ ಗಟ್ಟಿ. ಅದಕ್ಕೆ ಮುಕ್ಕಾಲು ಭಾಗಕ್ಕೆ ಗೋಣಿಚೀಲ ಹಾಸಿ ಮೇಲೆ ಒಣಹುಲ್ಲು ಹರಡಿದೀನಿ. ಕಾಲು ಭಾಗ ಬರಿಗಲ್ಲು. ಮಧ್ಯಾಹ್ನ ಹೊಟ್ಟೆ ಚಾಚಿ ಮಲಗೋದು ಅಲ್ಲೇ.

ಚಾವಣಿ: ಸಜ್ಜಾ ಇಲ್ಲದ ಕಡೆ ಮಂಗಳೂರು ಹಂಚು. ಹಂಚಿಗೂ ಕೆಳಗಿನ ಜಾಲರಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದೀನಿ, ಗಾಳಿ ಆಡಲಿ ಅಂತ. ಬೇಸಿಗೆಯಲ್ಲಿ ಹಂಚಿನ ಮೇಲೆ ತೆಂಗಿನ ಗರಿ. ಸುಣ್ಣ ಬಳಿದರೆ ಇನ್ನೂ ಒಳ್ಳೇದು. ಮಳೆಗಾಲದಲ್ಲಿ ಎರಚಲು ಹೊಡೆಯೋ ಕಡೆ ಮಾತ್ರ ತಾಡಪಾಲು ಇಳಿಬಿಡ್ತೀನಿ, ಮೂರೂ ಕಡೆ ಮುಚ್ಚಲ್ಲ. ಒದ್ದೆ ಹುಲ್ಲಿನ ಮೇಲೆ ಕೂತ ಮೊಲಕ್ಕೆ ನೊಣ ಮೊಟ್ಟೆ ಇಟ್ಟು ಹುಳ ಆಗೋದುಂಟು. ಅದಕ್ಕೇ ಒದ್ದೆಯಾದ ಹುಲ್ಲು ಅವತ್ತೇ ಆಚೆ.

7/9
ಜಾಲರಿ: ಕೋಳಿ ಜಾಲರಿ ತರಬೇಡಿ. ಅದು ಕೋಳಿ ಹೊರಗೆ ಹೋಗದಿರಲಿ ಅಂತ ಇರೋದು. ಬೀದಿನಾಯಿ ಒಂದು ಸಲ ಕಚ್ಚಿ ಎಳೆದರೆ ಬಿಚ್ಚಿಕೊಳ್ಳುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡ್ ಮೆಶ್ ಅಂತ ಕೇಳಿ, ಅರ್ಧ ಇಂಚು ಕಣ್ಣಿನದು. ಹೆಗ್ಗಣ, ಬೆಕ್ಕಿನ ಪಂಜ, ಎರಡಕ್ಕೂ ತಡೆ. ಮೇಲೂ ಹಾಕಬೇಕು, ಬೆಕ್ಕು ಹತ್ತುತ್ತೆ. ಕತ್ತರಿಸಿದ ತಂತಿಯ ತುದಿಗಳು ಮತ್ತು ಮೊಳೆಯ ಚೂಪು ಹೊರಗಡೆಗೆ ಬರಬೇಕು. ಮುಗಿದ ಮೇಲೆ ನಿಮ್ಮ ಬರಿಗೈಯನ್ನ ಒಳಗೋಡೆ ಪೂರ್ತಿ ಸವರಿ ನೋಡಿ. ನಿಮ್ಮ ಕೈ ಗೀರಿದರೆ ಅವರ ಕಣ್ಣೂ ಗೀರುತ್ತೆ.

ಬಾಗಿಲು: ನಾನು ಬಗ್ಗಿ ಒಳಗೆ ಹೋಗೋಷ್ಟು ದೊಡ್ಡದು. ಕೈ ಮಾತ್ರ ತೂರೋ ಬಾಗಿಲಿದ್ರೆ ಮೂಲೆ ಕ್ಲೀನ್ ಆಗಲ್ಲ, ಕ್ಲೀನ್ ಆಗದಿದ್ರೆ ಮೂತ್ರದ ಘಾಟು ಮೊದಲು ಹೊಡೆಯೋದು ಅವರ ಮೂಗಿಗೆ. ಚಿಲಕ ಎರಡು, ಮೇಲೊಂದು ಕೆಳಗೊಂದು.

ಬಚ್ಚಿಟ್ಕೊಳ್ಳೋ ಡಬ್ಬ: ಹಳೇ ಮಂಚದ ಹಲಗೆಯಿಂದ ಮಾಡಿದ್ದು. ಕಡ್ಡಾಯವಾಗಿ ಎರಡು ಬಾಗಿಲು. ಒಂದೇ ಇದ್ರೆ ಒಂದು ಮೊಲ ಬಾಗಿಲಲ್ಲಿ ಕೂತು ಇನ್ನೊಂದನ್ನ ಒಳಗೇ ಸಿಕ್ಕಿಸಿಬಿಡುತ್ತೆ. ಬಣ್ಣ ಬಳಿಯಬೇಡಿ. ಮೊಲದ ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಅವು ಮರ ಕಡಿದೇ ಕಡೀತವೆ. ನೀವು ಬಳಿದ ಬಣ್ಣ ಅವುಗಳ ಹೊಟ್ಟೆಗೆ ಹೋಗುತ್ತೆ. ಡಬ್ಬದ ಪಕ್ಕ ದೊಡ್ಡ ಮಣ್ಣಿನ ಮಡಕೆಯೊಂದನ್ನ ಅಡ್ಡ ಮಲಗಿಸಿದೀನಿ, ಹೊರಗಿಂದ ನೀರು ಚಿಮುಕಿಸಿದರೆ ಒಳಗೆ ತಣ್ಣಗಿರುತ್ತೆ. ಅಜ್ಜಿಯ ಐಡಿಯಾ. ಈ ಸಲ ಕೇಳಿದೆ.

ಶೌಚ: ಮೊಲ ತಾನೇ ಒಂದು ಮೂಲೆ ಆರಿಸ್ಕೊಳ್ಳುತ್ತೆ. ಅಲ್ಲೇ ಟ್ರೇ ಇಡಿ, ಟ್ರೇ ಪಕ್ಕಾನೇ ಹುಲ್ಲಿನ ತೊಟ್ಟಿ. ತಿಂತಾ ತಿಂತಾ ಹಿಕ್ಕೆ ಹಾಕೋದು ಅವುಗಳ ಅಭ್ಯಾಸ. ಊಟದಲ್ಲಿ ಹೆಚ್ಚಿನ ಪಾಲು ಹುಲ್ಲೇ ಆಗಿರಬೇಕು. ನಮ್ಮಲ್ಲಿ ಗರಿಕೆಗೇನು ಬರ, ಗಣಪತಿಗೂ ಸಾಕು, ಮೊಲಕ್ಕೂ ಸಾಕು. ಔಷಧಿ ಹೊಡೆಯದ ಜಾಗದ್ದು ನೋಡಿ ಕೊಯ್ಯಿರಿ.

ಕೊನೇದಾಗಿ ಸೀರಿಯಲ್ ಲೈಟು. ಮೊದಲ ಮನೇಲಿ ಚುಕ್ಕಿ ಆ ವೈರನ್ನ ಎರಡು ಕಡೆ ಕಡಿದಿದ್ದಳು. ಆಗ ಪ್ಲಗ್ ಹಾಕಿರಲಿಲ್ಲ, ಬದುಕಿದಳು. ಮೊಲ ಇರೋ ಕಡೆ ಯಾವ ವೈರೂ ಬೇಡ.

8/9
ಖರ್ಚು ಬರೆದಿಟ್ಟ ಚೀಟಿಯ ಫೋಟೋ ಇದು. ವೆಲ್ಡ್ ಮೆಶ್ 2,400. ಕಡಪ ಕಲ್ಲು 500. ಕೀಲು, ಚಿಲಕ, ಮೊಳೆ 380. ಬಡಗಿಗೆ ಅರ್ಧ ದಿನದ ಕೂಲಿ 700. ಹಂಚು, ಮರ ಮನೇಲಿದ್ದವು. ಒಟ್ಟು 3,980 ರೂಪಾಯಿ.

ಅಂದ್ರೆ ಅಂಗಡಿ ಪಂಜರಕ್ಕಿಂತ ಜಾಸ್ತಿ. "ಸ್ವಂತ ಮಾಡಿದ್ರೆ ಅಗ್ಗ" ಅಂತ ವಿಡಿಯೋಗಳಲ್ಲಿ ಹೇಳೋದನ್ನ ನಂಬಬೇಡಿ. ಅಗ್ಗಕ್ಕೆ ಆದ್ರೆ ಏನೋ ಒಂದನ್ನ ಬಿಟ್ಟಿರ್ತಾರೆ, ಸಾಮಾನ್ಯವಾಗಿ ಬಿಡೋದು ಜಾಗವನ್ನೇ. ಪಕ್ಕದ ಮನೆ ಅಂಕಲ್ "300 ರೂಪಾಯಿ ಮೊಲಕ್ಕೆ ನಾಲ್ಕು ಸಾವಿರದ ಬಂಗಲೇನಾ?" ಅಂತ ನಕ್ಕರು. ಅದೇ ಅಂಕಲ್ ಬೈಕಿಗೆ ಶೆಡ್ ಹಾಕಿಸಿದಾಗ ಯಾರೂ ನಗಲಿಲ್ಲ. ಮೊಲದ ಬೆಲೆ ನೋಡಿ ಮನೆ ಅಳೆಯೋದಲ್ಲ, ಅದು ಅಲ್ಲಿ ಕಳೆಯಬೇಕಾದ ವರ್ಷ ನೋಡಿ ಅಳೀಬೇಕು.

"ನಮ್ದು ಬಾಡಿಗೆ ಮನೆ, ಹಿತ್ತಲು ಎಲ್ಲಿಂದ ತರೋದು?" ಅನ್ನೋರಿಗೆ: ಮನೆಯೊಳಗಿನ ಒಂದು ಮೂಲೆ ಇನ್ನೂ ಉತ್ತಮ. ನಾಯಿಮರಿಗೆ ಅಂತ ಮಾರೋ ಮಡಚೋ ಬೇಲಿ ತಂದು ಕೋಣೆಯ ಒಂದು ಭಾಗ ಸುತ್ತುವರಿಸಿ. ಕೆಳಗೆ ಚಾಪೆ, ಒಂದು ಟ್ರೇ, ಎರಡು ಬಾಗಿಲ ರಟ್ಟಿನ ಡಬ್ಬ. ಮೇಲೆ ಫ್ಯಾನು. ಇದಕ್ಕೆ ಬಡಗಿಯೂ ಬೇಡ. ಮನೆ ಬದಲಾಯಿಸಿದರೆ ಮಡಚಿ ತಗೊಂಡು ಹೋಗಬಹುದು.

ಆ ಮೂಲೆಯೂ ಇಲ್ಲ ಅಂದ್ರೆ? ನಾನು ಹೇಳೋದು ಬೇಜಾರಾಗುತ್ತೆ, ಆದ್ರೂ ಹೇಳ್ತೀನಿ. ಸಾಕಬೇಡಿ. ಮೊಲ ಸಾಕದಿದ್ರೆ ಯಾರಿಗೂ ಏನೂ ನಷ್ಟ ಇಲ್ಲ. ನಮ್ಮನೆಗೆ ಬನ್ನಿ, ಚುಕ್ಕಿ ಜೊತೆ ನೆಲದ ಮೇಲೆ ಕೂತು ಹೋಗಿ.

9/9
ಕೊನೇ ಫೋಟೋದಲ್ಲಿ ಇಬ್ಬರಿದ್ದಾರೆ ನೋಡಿ. ಬಿಳೀದು ಚುಕ್ಕಿ, ಬೂದು ಬಣ್ಣದ್ದು ಮಲ್ಲಿಗೆ. ಮಲ್ಲಿಗೆಯನ್ನ ಜೂನಿಯರ್ ಒಬ್ಬಳು ಪಿಯುಸಿ ಮುಗಿಸಿ ಹಾಸ್ಟೆಲ್‌ಗೆ ಹೋಗೋವಾಗ ನಮ್ಮನೆಗೆ ತಂದುಬಿಟ್ಟಳು. ಅಳ್ತಾ ಬಿಟ್ಟಳು, ಅವಳನ್ನ ಬೈಯೋಕೆ ಮನಸ್ಸು ಬರಲಿಲ್ಲ. ಆದ್ರೆ ಲೆಕ್ಕ ಹಾಕಿ: ಇವತ್ತು ತಂದ ಮರಿ ನಿಮ್ಮ ಡಿಗ್ರಿ ಮುಗಿದು, ಕೆಲಸ ಸಿಕ್ಕಿ, ಊರು ಬಿಟ್ಟ ಮೇಲೂ ಬದುಕಿರುತ್ತೆ. ಆಗ ಅದನ್ನ ನೋಡ್ಕೊಳ್ಳೋರು ಯಾರು ಅಂತ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ, ಆಮೇಲೆ ಮೊದಲನೇ ಮೊಳೆ ಹೊಡೀರಿ.

ಎರಡನ್ನೂ ಒಮ್ಮೆಲೇ ಸೇರಿಸಲಿಲ್ಲ. ಗೊತ್ತಿಲ್ಲದ ಮೊಲಗಳು ರಕ್ತ ಬರೋ ಹಾಗೆ ಕಚ್ಚಾಡ್ತವೆ. ಮನೆಯ ನಡುವೆ ಜಾಲರಿ ಕಟ್ಟಿ ಮೂರು ವಾರ ಆಚೆ ಈಚೆ ಇಟ್ಟೆ. ಮೊದಲು ನೆಲ ಕುಟ್ಟೋದು, ಆಮೇಲೆ ಮೂಗು ತಾಗಿಸೋದು, ಆಮೇಲೆ ಜಾಲರಿಯ ಎರಡೂ ಪಕ್ಕ ಒರಗಿ ಮಲಗೋದು. ನಾನೇ ಕಟ್ಟಿದ್ದ ಮನೆ ಆಗಿದ್ದಕ್ಕೆ ಆ ನಡುಗೋಡೆ ಹಾಕೋದೂ ತೆಗೆಯೋದೂ ಹತ್ತು ನಿಮಿಷದ ಕೆಲಸ ಆಯ್ತು.

ಜಾಲರಿ ತೆಗೆದ ಸಂಜೆ ಚುಕ್ಕಿ ಆ ತುದಿಯಿಂದ ಈ ತುದಿಗೆ ಓಡಿ ಗಾಳಿಯಲ್ಲಿ ಮೈ ತಿರುಚಿ ನೆಗೆದಳು. ಫೋನ್ ಒಳಗಿತ್ತು. ತರೋಕೆ ಹೋಗಲಿಲ್ಲ, ಅಜ್ಜಿ ಪಕ್ಕ ಕೂತು ನೋಡಿದೆ.

ಮೊದಲನೇ ಫೋಟೋ ಡಿಲೀಟ್ ಮಾಡೋಣ ಅನ್ಕೊಂಡಿದ್ದೆ. ಮಾಡಲ್ಲ. ಸ್ಕ್ರೀನ್‌ಶಾಟ್ ಆಗಲೇ ಎಲ್ಲೆಲ್ಲೋ ಹೋಗಿದೆ. ಅದರ ಕೆಳಗೆ "ಇದನ್ನ ಕಟ್ಟಬೇಡಿ" ಅಂತ ಬರೆದು ಈ ಸರಣಿ ಓದೋಕೆ ಹೇಳಿದೀನಿ. ಆ ಇಬ್ಬರು ಜೂನಿಯರ್‌ಗಳು ತಗಡು ವಾಪಸ್ ಕೊಟ್ಟಿದ್ದಾರೆ. ಭಾನುವಾರ ಅವರ ಮನೆಗೆ ಹೋಗ್ತಿದೀನಿ, ಸೀಮೆಸುಣ್ಣ ತಗೊಂಡು.

ಮನೇಲಿ ಮೊಲ ಇರೋರು ಇವತ್ತೇ ಟೇಪ್ ತಗೊಂಡು ಗೂಡು ಅಳೀರಿ. ಮಧ್ಯಾಹ್ನ ಎರಡು ಗಂಟೆಗೆ ಅದರೊಳಗೆ ಕೈ ಇಟ್ಟು ಐದು ನಿಮಿಷ ಹಾಗೇ ಕೂತ್ಕೊಳ್ಳಿ. ನಿಮಗೆ ಸೆಕೆ ಅನ್ನಿಸಿದರೆ ನನಗೆ ಮೆಸೇಜ್ ಮಾಡಿ. ಕತ್ತರಿ, ಸುತ್ತಿಗೆ ನಂದೇ ತರ್ತೀನಿ.

#ಮೊಲದಮನೆ #ಬೆಲ್ಲಚುಕ್ಕಿಮಲ್ಲಿಗೆ #ಫೋಟೋಗಲ್ಲಮೊಲಕ್ಕೆ #ದಾವಣಗೆರೆ